ಹಾಸನದ ಭಾನುವಾರದ ಸಂವಿಧಾನ ತರಗತಿ: ಎಂಟು ವಾರ, 1,600 ರೂಪಾಯಿ, ಮತ್ತು 226ನೇ ವಿಧಿ

ಹಾಸನದ ಕೋರ್ಟ್ ಹತ್ತಿರ ನನ್ನದೊಂದು ಜಾಬ್ ಟೈಪಿಂಗ್ ಅಂಗಡಿ ಇದೆ. ಶುರು ಮಾಡಿ 22 ವರ್ಷ ಆಯಿತು. ಎರಡು ಕಂಪ್ಯೂಟರ್, ಒಂದು ಜೆರಾಕ್ಸ್ ಮೆಷೀನು, ಗೋಡೆಗೆ ಒರಗಿಸಿದ ಲೀಗಲ್ ಸೈಜ್ ಕಾಗದದ ಕಟ್ಟುಗಳು. ಅಫಿಡವಿಟ್ಟು, ವಕಾಲತ್ತು, ಬಾಡಿಗೆ ಕರಾರು ಎಲ್ಲ ಬರುತ್ತವೆ. ಆದರೆ ಅಂಗಡಿ ನಡೆಯುವುದು ತರ್ಜುಮೆಯಿಂದ. ಪಹಣಿ, ಮ್ಯುಟೇಶನ್, ತಹಶೀಲ್ದಾರರ ಹಿಂಬರಹ, ಪಂಚಾಯಿತಿ ನಡಾವಳಿ ಯಾವುದೇ ಇರಲಿ, ಹೈಕೋರ್ಟಿಗೆ ಹೋಗಬೇಕಾದರೆ ಜೊತೆಗೆ ಇಂಗ್ಲಿಷ್ ಪ್ರತಿ ಬೇಕು. ವಕೀಲರು ಸಂಜೆ ಆರಕ್ಕೆ ಫೈಲ್ ತಂದು ಮೇಜಿನ ಮೇಲೆ ಇಟ್ಟು, 'ಬೆಳಿಗ್ಗೆ ಬೆಂಗಳೂರಿಗೆ ಹೋಗೋದಿದೆ ಕಣಮ್ಮ, ರಾತ್ರಿನೇ ಆಗಬೇಕು' ಅನ್ನುತ್ತಾರೆ. ಎಷ್ಟೋ ರಾತ್ರಿ ಹತ್ತೂವರೆವರೆಗೆ ಕೂತಿದ್ದೇನೆ.

ಆ ಫೈಲುಗಳ ಮೊದಲ ಪುಟದಲ್ಲಿ ಒಂದು ಸಾಲು ಇದ್ದೇ ಇರುತ್ತದೆ: ಭಾರತ ಸಂವಿಧಾನದ 226 ಮತ್ತು 227ನೇ ವಿಧಿಗಳ ಅಡಿಯಲ್ಲಿ ಸಲ್ಲಿಸಿದ ರಿಟ್ ಅರ್ಜಿ. ಆ ಸಾಲನ್ನು ಎಷ್ಟು ಸಾವಿರ ಸಲ ಹೊಡೆದಿದ್ದೇನೋ ಲೆಕ್ಕವಿಲ್ಲ. ಅದು ಏನು ಹೇಳುತ್ತದೆ ಎಂದು ತಿಳಿದದ್ದು ಈ ವರ್ಷ, ಈ ತರಗತಿಯಲ್ಲಿ. ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ತರಗತಿ ನಡೆಸುವವರು ವಕೀಲಿ ವೃತ್ತಿಯಿಂದ ನಿವೃತ್ತರಾದ ಹಿರಿಯರು. ಹೆಸರು ಹಾಕಬೇಡಿ ಎಂದು ಅವರೇ ಕೇಳಿಕೊಂಡಿದ್ದಾರೆ, ಹಾಗಾಗಿ ಇಲ್ಲಿ ಸರ್ ಅಂತಲೇ ಬರೆಯುತ್ತೇನೆ. ಸ್ಟೇಷನರಿ ಅಂಗಡಿಯ ಮೇಲಿನ ಮಹಡಿಯಲ್ಲಿ ಒಂದು ಹಾಲ್, ಎಂಟು ಭಾನುವಾರ, ಬೆಳಿಗ್ಗೆ ಹತ್ತರಿಂದ ಹನ್ನೆರಡೂವರೆ, ಫೀಸು 1,600 ರೂಪಾಯಿ, ನೋಟ್ಸ್ ಸೇರಿ. ನಮ್ಮ ಬ್ಯಾಚಿನಲ್ಲಿ 19 ಜನ ಇದ್ದೆವು: ಕೆಎಎಸ್‌ಗೆ ಓದುತ್ತಿರುವ ಹುಡುಗ ಹುಡುಗಿಯರು, ಇಬ್ಬರು ಪಿಯು ಲೆಕ್ಚರರ್, ಸಕಲೇಶಪುರ ಕಡೆಯ ಒಬ್ಬರು ಕಾಫಿ ಬೆಳೆಗಾರರು, ಪಂಚಾಯಿತಿ ಸದಸ್ಯೆಯೊಬ್ಬರು. ಎಂಟೂ ವಾರದ ವಿಷಯ ಒಂದೇ: ಸುಪ್ರೀಂ ಕೋರ್ಟಿಗೆ ಸಂವಿಧಾನ ಕೊಟ್ಟ ಅಧಿಕಾರ ಯಾವುದು, ಹೈಕೋರ್ಟಿಗೆ ಕೊಟ್ಟದ್ದು ಯಾವುದು, ಎರಡರ ನಡುವೆ ವ್ಯತ್ಯಾಸ ಎಲ್ಲಿದೆ.

ಮೊದಲನೆಯ ದಿನವೇ ಸರ್ ಒಂದು ಪ್ರಶ್ನೆ ಕೇಳಿದರು. ರಿಟ್, ಅಂದರೆ ಸರ್ಕಾರಕ್ಕೆ, ಅಧಿಕಾರಿಗಳಿಗೆ ಕೋರ್ಟು ಕೊಡುವ ವಿಶೇಷ ಆದೇಶ, ಹೊರಡಿಸುವ ಅಧಿಕಾರ ಯಾವ ಕೋರ್ಟಿಗೆ ಹೆಚ್ಚು? ಎಲ್ಲರೂ ಸುಪ್ರೀಂ ಕೋರ್ಟ್ ಅಂದೆವು. ಅವರು ಏನೂ ಹೇಳದೆ 32ನೇ ವಿಧಿ ಮತ್ತು 226ನೇ ವಿಧಿ ಅಕ್ಕಪಕ್ಕ ಅಚ್ಚಾಗಿದ್ದ ಒಂದೊಂದು ಹಾಳೆ ಹಂಚಿ, ಕೈಯಲ್ಲಿ ಪೆನ್ಸಿಲ್ ಹಿಡಿಯಿರಿ ಅಂದರು. ಎರಡರಲ್ಲೂ ಇರುವ ಮಾತಿಗೆ ಅಡಿಗೆರೆ ಹಾಕಬೇಕು, ಒಂದರಲ್ಲಿ ಇದ್ದು ಇನ್ನೊಂದರಲ್ಲಿ ಇಲ್ಲದ ಮಾತಿಗೆ ಸುತ್ತ ಗೆರೆ ಎಳೆಯಬೇಕು. ಬಂದಿ ಪ್ರತ್ಯಕ್ಷೀಕರಣ (ಬಂಧಿಸಿದವರನ್ನು ಕೋರ್ಟಿನ ಮುಂದೆ ತರಿಸುವ ಆದೇಶ), ಪರಮಾದೇಶ, ಪ್ರತಿಷೇಧ, ಕೋ ವಾರಂಟೊ, ಉತ್ಪ್ರೇಷಣ. ಐದೂ ರಿಟ್‌ಗಳು ಎರಡೂ ಕಡೆ ಇದ್ದವು. ಮೂಲಭೂತ ಹಕ್ಕುಗಳನ್ನು ಜಾರಿಗೊಳಿಸುವ ಮಾತೂ ಎರಡೂ ಕಡೆ ಇತ್ತು. 226ರಲ್ಲಿ ಮಾತ್ರ ಅದರ ಮುಂದೆ ಇನ್ನೊಂದು ತುಣುಕು: 'ಮತ್ತು ಬೇರೆ ಯಾವುದೇ ಉದ್ದೇಶಕ್ಕಾಗಿ'.

ನನ್ನ ಪೆನ್ಸಿಲ್ ಅಲ್ಲೇ ನಿಂತಿತು. ಬೇರೆ ಯಾವುದೇ ಉದ್ದೇಶಕ್ಕಾಗಿ. ಅಂದರೆ ಮೂಲಭೂತ ಹಕ್ಕು ಅಲ್ಲದ, ಬರೀ ಕಾನೂನಿನಿಂದ ಬಂದ ಹಕ್ಕಿಗೂ ಹೈಕೋರ್ಟ್ ರಿಟ್ ಕೊಡಬಲ್ಲದು. ಪಿಂಚಣಿ ನಿಂತಿದೆ, ಲೈಸೆನ್ಸ್ ತಡೆಹಿಡಿದಿದ್ದಾರೆ, ನೋಟಿಸ್ ಕೊಡದೆ ಖಾತೆ ಬದಲಾಯಿಸಿದ್ದಾರೆ ಎಂದು ಬರುವವರ ಅರ್ಜಿಗಳೆಲ್ಲ ನಿಂತಿರುವುದು ಆ ತುಣುಕಿನ ಮೇಲೆ. 32ನೇ ವಿಧಿಯಡಿ ದೆಹಲಿಗೆ ಹೋಗಬೇಕಾದರೆ ಮೂಲಭೂತ ಹಕ್ಕಿಗೇ ಪೆಟ್ಟು ಬಿದ್ದಿರಬೇಕು. ರಿಟ್ ವಿಚಾರದಲ್ಲಿ ಹೈಕೋರ್ಟಿನ ಹರವೇ ದೊಡ್ಡದು.

ಹಾಗೆಂದು ಸರ್ 32ನ್ನು ಕಡಿಮೆ ಮಾಡಿ ಹೇಳಲಿಲ್ಲ. 1948ರ ಡಿಸೆಂಬರ್ 9ರಂದು ಸಂವಿಧಾನ ಸಭೆಯಲ್ಲಿ ಅಂಬೇಡ್ಕರ್ ಇದೇ ವಿಧಿಯನ್ನು ಇಡೀ ಸಂವಿಧಾನದ ಆತ್ಮ, ಹೃದಯ ಎಂದು ಕರೆದದ್ದನ್ನು ಹೇಳಿ, ಯಾಕೆ ಕರೆದರು ಎಂದೂ ಬಿಡಿಸಿದರು. 32 ಸ್ವತಃ ಒಂದು ಮೂಲಭೂತ ಹಕ್ಕು. ಹಕ್ಕಿಗೆ ಧಕ್ಕೆಯಾದಾಗ ಸುಪ್ರೀಂ ಕೋರ್ಟಿನ ಬಾಗಿಲು ತಟ್ಟುವುದೇ ಹಕ್ಕು. 226 ಹಾಗಲ್ಲ, ಅದು ಹೈಕೋರ್ಟಿನ ವಿವೇಚನೆಗೆ ಬಿಟ್ಟ ಅಧಿಕಾರ. ನಿಮಗೆ ಬೇರೆ ಪರಿಹಾರದ ದಾರಿ ಇದೆ, ಮೊದಲು ಅಲ್ಲಿಗೆ ಹೋಗಿ ಎಂದು ಹೈಕೋರ್ಟ್ ಹೇಳಬಹುದು. ರಾಜ್ಯ ಸರ್ಕಾರಿ ನೌಕರರ ವರ್ಗಾವಣೆ, ಬಡ್ತಿಯ ತಕರಾರು ಮೊದಲು ಕರ್ನಾಟಕ ರಾಜ್ಯ ಆಡಳಿತ ಟ್ರಿಬ್ಯುನಲ್ ಆದ ಕೆಎಸ್‌ಎಟಿಗೆ ಹೋಗುವುದು ಇದಕ್ಕೇ. ಅಲ್ಲಿಂದ ಮೇಲೆ ಹೈಕೋರ್ಟಿನ ವಿಭಾಗೀಯ ಪೀಠ, ಅಂದರೆ ಇಬ್ಬರು ನ್ಯಾಯಮೂರ್ತಿಗಳು ಕೂರುವ ಪೀಠ. 1997ರ ಎಲ್. ಚಂದ್ರಕುಮಾರ್ ತೀರ್ಪು ಬರುವವರೆಗೆ ಟ್ರಿಬ್ಯುನಲ್ ಆದ ಮೇಲೆ ನೇರ ಸುಪ್ರೀಂ ಕೋರ್ಟೇ ಗತಿಯಾಗಿತ್ತು. ಹೈಕೋರ್ಟಿನ 226, 227ರ ಅಧಿಕಾರ ಸಂವಿಧಾನದ ಮೂಲರಚನೆಯ ಭಾಗ, ಅದನ್ನು ಕಿತ್ತುಕೊಳ್ಳಲು ಬರುವುದಿಲ್ಲ ಎಂದು ಆ ತೀರ್ಪು ಹೇಳಿತು. ಆ ದಿನ ನನ್ನ ಪಕ್ಕ ಕೂತಿದ್ದ ಲೆಕ್ಚರರ್ ತಮ್ಮ ಬಡ್ತಿ ಕೇಸಿನ ದಾರಿಯನ್ನು ನೋಟ್ ಬುಕ್ಕಿನ ಹಿಂದಿನ ಪುಟದಲ್ಲಿ ಬಾಣ ಹಾಕಿ ಬರೆದುಕೊಂಡರು.

ಇನ್ನು ನಮ್ಮ ಮನೆಯ ವಿಷಯ. ಇದನ್ನು ಬರೆಯದಿದ್ದರೆ ಈ ತರಗತಿಗೆ ನಾನು ಯಾಕೆ ಇಷ್ಟು ಬೆಲೆ ಕೊಡುತ್ತೇನೆ ಎಂಬುದು ತಿಳಿಯುವುದಿಲ್ಲ.

ಆಲೂರು ಕಡೆ ನಮ್ಮಪ್ಪನಿಗೆ ಒಂದು ಎಕರೆ ಹತ್ತು ಗುಂಟೆ ಇತ್ತು. 1994ರಲ್ಲಿ ರಸ್ತೆ ಮಾಡಲೆಂದು ಅದರ ಮಧ್ಯದಿಂದ 14 ಗುಂಟೆ ಹೋಯಿತು. ನೋಟಿಸ್ ಇಲ್ಲ, ಪರಿಹಾರ ನಿಗದಿ ಮಾಡುವ ಅವಾರ್ಡ್ ಇಲ್ಲ, ದುಡ್ಡೂ ಇಲ್ಲ. ಕಚೇರಿಗೆ ಹೋದಾಗಲೆಲ್ಲ 'ಫೈಲ್ ಮೇಲೆ ಹೋಗಿದೆ' ಅನ್ನುತ್ತಿದ್ದರು. ಅಪ್ಪ ಒಂದು ಪ್ಲಾಸ್ಟಿಕ್ ಕವರಿನಲ್ಲಿ ಪಹಣಿ, ಕಂದಾಯದ ರಸೀದಿ, ಕೊಟ್ಟ ಅರ್ಜಿಗಳ ಪ್ರತಿ ಎಲ್ಲ ಜೋಪಾನ ಮಾಡಿದ್ದರು. 2011ರಲ್ಲಿ ಪರಿಚಯದವರ ಮೂಲಕ ಬಂದ ಮಧ್ಯವರ್ತಿಯೊಬ್ಬ 'ಕೆಳಗಿನ ಕೋರ್ಟೆಲ್ಲ ಸುಮ್ಮನೆ ಕಾಲಹರಣ, ಡೈರೆಕ್ಟ್ ಸುಪ್ರೀಂ ಕೋರ್ಟಿಗೆ ಹಾಕ್ಸೋಣ' ಎಂದು 22,000 ರೂಪಾಯಿ ತೆಗೆದುಕೊಂಡ. ಅಪ್ಪ ಅದಕ್ಕೆ ಒಂದು ಹಸು ಮಾರಿದರು. ಏಳು ತಿಂಗಳಾದ ಮೇಲೆ ಬಂದದ್ದು ಒಂದೇ ಒಂದು ಪುಟದ ಆದೇಶ. ಅರ್ಜಿ ಹಿಂತೆಗೆದುಕೊಂಡದ್ದರಿಂದ ವಜಾ, ಹೈಕೋರ್ಟಿಗೆ ಹೋಗಲು ಸ್ವಾತಂತ್ರ್ಯವಿದೆ. 'ವಜಾ' ಎಂಬುದನ್ನು ಮಾತ್ರ ಅಪ್ಪ ಕೇಳಿಸಿಕೊಂಡರು. ಸುಪ್ರೀಂ ಕೋರ್ಟಲ್ಲೇ ಸೋತ ಮೇಲೆ ಇನ್ನೇನಿದೆ ಎಂದು ಆ ಕವರನ್ನು ಅಟ್ಟಕ್ಕೆ ಹಾಕಿದರು. ನಾನು ಆಗಲೇ ಒಂಬತ್ತು ವರ್ಷದಿಂದ ಇದೇ ಕೆಲಸದಲ್ಲಿದ್ದವಳು. ಆ ಪುಟವನ್ನು ಓದಿ ಅಪ್ಪನಿಗೆ ಕನ್ನಡದಲ್ಲಿ ಹೇಳಿದವಳೂ ನಾನೇ. ಸ್ವಾತಂತ್ರ್ಯವಿದೆ ಎಂಬ ಮಾತನ್ನೂ ಹೇಳಿದೆ. ಅದರ ತೂಕ ನನಗೇ ಗೊತ್ತಿರಲಿಲ್ಲ.

ಮೂರನೆಯ ಭಾನುವಾರ ಸರ್ ಆಸ್ತಿ ಹಕ್ಕಿಗೆ ಬಂದರು. ಆಸ್ತಿ ಮೊದಲು ಮೂಲಭೂತ ಹಕ್ಕೇ ಆಗಿತ್ತು. 1978ರ 44ನೇ ತಿದ್ದುಪಡಿ ಅದನ್ನು ಆ ಪಟ್ಟಿಯಿಂದ ತೆಗೆದು 300ಎ ವಿಧಿಯಾಗಿ ಇಟ್ಟಿತು. ಕಾನೂನಿನ ಬಲವಿಲ್ಲದೆ ಯಾರ ಸ್ವತ್ತನ್ನೂ ಕಸಿಯುವಂತಿಲ್ಲ. ಇದು ಸಂವಿಧಾನದ ಹಕ್ಕು, ಆದರೆ ಮೂಲಭೂತ ಹಕ್ಕಲ್ಲ. ಹಾಗಾಗಿ ಬರೀ 300ಎ ಇಟ್ಟುಕೊಂಡು 32ರ ಅಡಿ ದೆಹಲಿಗೆ ಹೋಗಲು ಬರುವುದಿಲ್ಲ. 226ರ ಅಡಿ ಬೆಂಗಳೂರಿಗೆ ಹೋಗಲು ಬರುತ್ತದೆ, ಯಾಕೆಂದರೆ ಅಲ್ಲಿ 'ಬೇರೆ ಯಾವುದೇ ಉದ್ದೇಶ' ಇದೆ. ಆ ಮಾತು ಕೇಳಿ ನನಗೆ ಕುರ್ಚಿಯಲ್ಲಿ ಕೂರಲಾಗಲಿಲ್ಲ. ಹೊರಗೆ ಬಂದು ಮೆಟ್ಟಿಲ ಮೇಲೆ ಸ್ವಲ್ಪ ಹೊತ್ತು ನಿಂತೆ. ಅಪ್ಪನನ್ನು ಎರಡು ಸಾವಿರ ಕಿಲೋಮೀಟರ್ ದೂರದ ಬಾಗಿಲಿಗೆ ಕಳಿಸಿದ್ದರು. ತೆರೆದಿದ್ದ ಬಾಗಿಲು ಇಲ್ಲೇ ರೈಲಿನಲ್ಲಿ ಮೂರು ಚಿಲ್ಲರೆ ಗಂಟೆ ದೂರದಲ್ಲಿತ್ತು. ಸುಪ್ರೀಂ ಕೋರ್ಟ್ ಅವರನ್ನು ಸೋಲಿಸಿರಲೇ ಇಲ್ಲ, ಸರಿಯಾದ ಬಾಗಿಲನ್ನು ತೋರಿಸಿತ್ತು.

ತರಗತಿ ಮುಗಿದ ಮೇಲೆ ಸರ್ ಹತ್ತಿರ ಹೋಗಿ ಇಷ್ಟು ವರ್ಷ ತಡವಾಗಿದೆಯಲ್ಲ ಎಂದು ಕೇಳಿದೆ. ಅವರು ವಿದ್ಯಾ ದೇವಿ ಕೇಸು ಹೇಳಿದರು. ಹಿಮಾಚಲ ಪ್ರದೇಶದ ಹಳ್ಳಿಯ, ಓದು ಬರಹ ಬಾರದ ವಿಧವೆ. 1967-68ರಲ್ಲಿ ರಸ್ತೆಗೆಂದು ಆಕೆಯ ಜಮೀನು ತೆಗೆದುಕೊಂಡು ಪರಿಹಾರ ಕೊಟ್ಟಿರಲಿಲ್ಲ. ಹೈಕೋರ್ಟಿಗೆ ಹೋದರೆ ಸಿವಿಲ್ ದಾವೆ ಹಾಕಿಕೊಳ್ಳಿ ಎಂದು ಕಳಿಸಿತು. ಮೇಲ್ಮನವಿಯಲ್ಲಿ ಸುಪ್ರೀಂ ಕೋರ್ಟ್ 2020ರ ಜನವರಿ 8ರಂದು ಆಕೆಯ ಪರ ತೀರ್ಪು ಕೊಟ್ಟಿತು. ಸರ್ಕಾರವೇ ಕಾನೂನು ಬಿಟ್ಟು ಜಮೀನು ಕಿತ್ತುಕೊಂಡಿರುವಾಗ ತಡವಾಯಿತು ಎಂಬ ನೆಪ ಅದಕ್ಕೆ ಸಿಗುವುದಿಲ್ಲ, ಎಂಟು ವಾರದಲ್ಲಿ ಪರಿಹಾರ ಕೊಡಿ ಎಂದಿತು. ಆ ತೀರ್ಪನ್ನು ಕೊಡಲು ಬಳಸಿದ್ದು 136 ಮತ್ತು 142ನೇ ವಿಧಿಗಳು.

ನನಗೆ ಎರಡು ಕೋರ್ಟುಗಳ ಅಧಿಕಾರದ ಬಗೆ ಬೇರೆ ಎಂಬುದು ಅರ್ಥವಾದದ್ದು ಈ ಕೇಸಿನಿಂದ. ದೇಶದ ಯಾವ ಕೋರ್ಟು, ಟ್ರಿಬ್ಯುನಲ್ಲಿನ ಆದೇಶದ ಮೇಲೂ ವಿಶೇಷ ಅನುಮತಿಯ ಮೇಲ್ಮನವಿ ಸ್ವೀಕರಿಸುವುದು 136. ಸೇನಾ ನ್ಯಾಯಮಂಡಳಿ ಮಾತ್ರ ಅದಕ್ಕೆ ಹೊರಗು. ಮುಂದಿರುವ ಪ್ರಕರಣದಲ್ಲಿ ಪೂರ್ಣ ನ್ಯಾಯ ಒದಗಿಸಲು ಬೇಕಾದ ಆದೇಶ ಹೊರಡಿಸುವುದು 142. ಸುಪ್ರೀಂ ಕೋರ್ಟ್ ಸಾರಿದ ಕಾನೂನು ಎಲ್ಲ ಕೋರ್ಟುಗಳಿಗೂ ಕಟ್ಟಳೆ ಎನ್ನುವುದು 141. ಈ ಮೂರೂ ಹೈಕೋರ್ಟಿಗಿಲ್ಲ. ವಿದ್ಯಾ ದೇವಿಗೆ ಸಿಕ್ಕ ನ್ಯಾಯ ಹಾಸನದ ರೈತನಿಗೂ ಆಧಾರವಾಗುವುದು 141ರಿಂದ. ರಾಷ್ಟ್ರಪತಿ ಸಲಹೆ ಕೇಳುವ 143ನೇ ವಿಧಿಯೂ ಸುಪ್ರೀಂ ಕೋರ್ಟಿನದು ಮಾತ್ರ. ಹೈಕೋರ್ಟಿನಲ್ಲಿ ಸೋತವರು ಅದೇ ವಿಷಯ ಹಿಡಿದು ಮತ್ತೆ 32ರಲ್ಲಿ ಹೊಸದಾಗಿ ಹೋಗಲಾಗದು, ಮೇಲ್ಮನವಿಯಾಗಿಯೇ ಹೋಗಬೇಕು ಎಂದು 1961ರ ದರಿಯಾವ್ ಕೇಸಿನಲ್ಲೇ ಹೇಳಿಯಾಗಿದೆ. ಇದನ್ನು ಬಲ್ಲ ವಕೀಲರು ಕೋರ್ಟ್ ಆವರಣದಲ್ಲಿ ಬೇಕಾದಷ್ಟು ಇದ್ದಾರೆ. ಬಲ್ಲ ಕಕ್ಷಿದಾರರು ಕಡಿಮೆ.

ನಾಲ್ಕನೆಯ ವಾರದ 227 ನನ್ನ ಕೆಲಸಕ್ಕೆ ತೀರ ಹತ್ತಿರದ್ದು. ತನ್ನ ವ್ಯಾಪ್ತಿಯ ಎಲ್ಲ ಕೋರ್ಟು, ಟ್ರಿಬ್ಯುನಲ್ಲುಗಳ ಮೇಲೆ ಹೈಕೋರ್ಟಿಗಿರುವ ಮೇಲ್ವಿಚಾರಣೆಯ ಅಧಿಕಾರ ಅದು. ನಮ್ಮ ಜಿಲ್ಲೆಯ ನ್ಯಾಯಾಧೀಶರ ಪೋಸ್ಟಿಂಗ್, ಬಡ್ತಿ, ರಜೆಯ ಹತೋಟಿಯೂ 235ನೇ ವಿಧಿಯಂತೆ ಹೈಕೋರ್ಟಿನ ಕೈಯಲ್ಲೇ. ಇಂಥ ಮೇಲ್ವಿಚಾರಣೆ ಸುಪ್ರೀಂ ಕೋರ್ಟಿಗೆ ಹೈಕೋರ್ಟಿನ ಮೇಲೆ ಇಲ್ಲ. ತೀರ್ಪು ತಿದ್ದಬಹುದು, ಆಡಳಿತ ನಡೆಸುವಂತಿಲ್ಲ. 'ಹೈಕೋರ್ಟ್ ಅಂದ್ರೆ ಸುಪ್ರೀಂ ಕೋರ್ಟಿನ ಬ್ರಾಂಚ್ ಆಫೀಸ್ ಅಲ್ಲ' ಎಂದು ಸರ್ ಮೇಜು ಕುಟ್ಟಿ ಹೇಳಿದರು. 129ನೇ ವಿಧಿಯಂತೆ ಸುಪ್ರೀಂ ಕೋರ್ಟ್ ದಾಖಲೆಯ ನ್ಯಾಯಾಲಯ (ಕೋರ್ಟ್ ಆಫ್ ರೆಕಾರ್ಡ್), 215ರಂತೆ ಹೈಕೋರ್ಟೂ ದಾಖಲೆಯ ನ್ಯಾಯಾಲಯ. ನ್ಯಾಯಾಂಗ ನಿಂದನೆಗೆ ಶಿಕ್ಷಿಸುವ ಅಧಿಕಾರ ಎರಡಕ್ಕೂ ಸ್ವಂತದ್ದು.

ನಾವು ಟೈಪ್ ಮಾಡುವವರು ಅಭ್ಯಾಸಬಲದಿಂದ 226 ಮತ್ತು 227 ಎರಡನ್ನೂ ಹೊಡೆದುಬಿಡುತ್ತೇವೆ. ಅದು ಸರಿಯಲ್ಲ ಎಂದು ತಿಳಿಯಿತು. ಸಿವಿಲ್ ಕೋರ್ಟಿನ ನ್ಯಾಯಿಕ ಆದೇಶದ ಮೇಲೆ 226 ನಡೆಯುವುದಿಲ್ಲ, 227 ಮಾತ್ರ ಎಂದು 2015ರ ರಾಧೇಶ್ಯಾಮ್ ತೀರ್ಪು ಹೇಳಿದೆ. 226ರ ಅಡಿ ಏಕಸದಸ್ಯ ಪೀಠ ಕೊಟ್ಟ ಆದೇಶದ ಮೇಲೆ ಅದೇ ಹೈಕೋರ್ಟಿನಲ್ಲಿ ರಿಟ್ ಅಪೀಲು ಇದೆ, 227ರ ಆದೇಶಕ್ಕೆ ಅದಿಲ್ಲ. ಪಾಲು ವಿಭಾಗದ ದಾವೆಯಲ್ಲಿ ಐಎ (ಮಧ್ಯಂತರ ಅರ್ಜಿ) ವಜಾ ಆದರೆ ಯಾವುದನ್ನು ಹೊಡೆಯಬೇಕು ಎಂದು ಈಗ ವಕೀಲರನ್ನು ಕೇಳಿಯೇ ಹೊಡೆಯುತ್ತೇನೆ. ಮೊನ್ನೆ ಒಬ್ಬ ಜೂನಿಯರ್ ಆ ಪ್ರಶ್ನೆಗೆ ನನ್ನ ಮುಖ ನೋಡಿ, ಫೋನ್ ತೆಗೆದು ಸೀನಿಯರ್‌ಗೆ ಮಾಡಿ ಕೇಳಿದರು.

ಐದನೆಯ ವಾರ ಬಹಳ ಚೆನ್ನಾಗಿತ್ತು. ವಿಷಯ ತುರ್ತು ಪರಿಸ್ಥಿತಿ. 1975ರ ಜೂನ್ 12ರಂದು ಅಲಹಾಬಾದ್ ಹೈಕೋರ್ಟಿನ ನ್ಯಾಯಮೂರ್ತಿ ಜಗಮೋಹನಲಾಲ್ ಸಿನ್ಹಾ ಒಬ್ಬರೇ ಕೂತು ಪ್ರಧಾನಿ ಇಂದಿರಾ ಗಾಂಧಿಯವರ ಚುನಾವಣೆಯನ್ನು ಅಸಿಂಧು ಮಾಡಿದರು. 24ರಂದು ಸುಪ್ರೀಂ ಕೋರ್ಟಿನ ರಜಾಕಾಲದ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಷರತ್ತಿನ ತಡೆಯಾಜ್ಞೆ ಕೊಟ್ಟರು. 25ರ ರಾತ್ರಿ ತುರ್ತು ಪರಿಸ್ಥಿತಿ. ಆಮೇಲೆ ವಿಚಾರಣೆಯಿಲ್ಲದೆ ಬಂಧಿತರಾದವರ ಪರ ಬಂದಿ ಪ್ರತ್ಯಕ್ಷೀಕರಣದ ಅರ್ಜಿಗಳು ಹೈಕೋರ್ಟುಗಳಿಗೆ ಹೋದವು. ಒಂಬತ್ತು ಹೈಕೋರ್ಟುಗಳು ಅರ್ಜಿ ಕೇಳುತ್ತೇವೆ ಎಂದವು. ಅವುಗಳಲ್ಲಿ ನಮ್ಮ ಕರ್ನಾಟಕ ಹೈಕೋರ್ಟೂ ಒಂದು. ಬೆಂಗಳೂರಿನಲ್ಲಿ ಬಂಧನದಲ್ಲಿದ್ದ ವಾಜಪೇಯಿ, ಅಡ್ವಾಣಿಯವರ ಅರ್ಜಿಗಳು ಇಲ್ಲೇ ಇದ್ದವು. 1976ರ ಏಪ್ರಿಲ್ 28ರಂದು ಎಡಿಎಂ ಜಬಲ್ಪುರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ನಾಲ್ಕಕ್ಕೆ ಒಂದರ ಬಹುಮತದಲ್ಲಿ ಆ ಒಂಬತ್ತನ್ನೂ ತಳ್ಳಿಹಾಕಿತು. ಬೇರೆ ನಿಂತವರು ಎಚ್.ಆರ್. ಖನ್ನಾ ಒಬ್ಬರೇ. ಅದೇ ವರ್ಷದ 42ನೇ ತಿದ್ದುಪಡಿ ಆ 'ಬೇರೆ ಯಾವುದೇ ಉದ್ದೇಶ'ವನ್ನೇ 226ರಿಂದ ಕಿತ್ತುಹಾಕಿತು. 44ನೆಯದು ಅದನ್ನು ವಾಪಸ್ ತಂದಿತು, ಶಿಕ್ಷೆಯ ವಿಷಯದಲ್ಲಿ ರಕ್ಷಣೆ ಕೊಡುವ 20 ಮತ್ತು ಜೀವ, ಸ್ವಾತಂತ್ರ್ಯದ 21ನೇ ವಿಧಿಗಳನ್ನು ಇನ್ನು ಯಾವ ತುರ್ತು ಪರಿಸ್ಥಿತಿಯಲ್ಲೂ ಅಮಾನತು ಮಾಡದ ಹಾಗೆ ಕಟ್ಟಿತು. ಎಡಿಎಂ ಜಬಲ್ಪುರದ ತೀರ್ಪು ತಪ್ಪು ಎಂದು ಸುಪ್ರೀಂ ಕೋರ್ಟ್ ಒಪ್ಪಿದ್ದು 2017ರ ಆಗಸ್ಟ್ 24ರಂದು, ಖಾಸಗಿತನದ ಹಕ್ಕಿನ ಪುಟ್ಟಸ್ವಾಮಿ ಪ್ರಕರಣದಲ್ಲಿ. ಆ ಅರ್ಜಿದಾರರು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ.

ಇಡೀ ಹಾಲ್ ಸ್ತಬ್ಧವಾಗಿ ಕೇಳಿತು. ಹಿಂದಿನ ಸಾಲಿನಲ್ಲಿದ್ದ ಬೆಳೆಗಾರರು 1978ರಲ್ಲಿ ಇಂದಿರಾ ಗಾಂಧಿ ಚಿಕ್ಕಮಗಳೂರಿನಿಂದ ಉಪಚುನಾವಣೆಗೆ ನಿಂತಾಗ ತಾವು ಹುಡುಗರಾಗಿ ತೋಟದ ದಾರಿಯಲ್ಲಿ ನಿಂತು ಕಾರು ನೋಡಿದ್ದನ್ನು ಹೇಳಿದರು. ಅವರು ಆ ಹಳೆಯ ರಾಜಕೀಯವನ್ನು ಬಲ್ಲವರು. ಆದರೆ 226ರ ಆ ನಾಲ್ಕು ಪದ ಒಮ್ಮೆ ಹೋಗಿ ಮತ್ತೆ ಬಂದದ್ದು ಅವರಿಗೂ ಹೊಸದು. ದೊಡ್ಡ ಕೋರ್ಟು ಹೇಳಿದ್ದೆಲ್ಲ ಸರಿಯೇ ಎಂದು ನಂಬಿ ಬೆಳೆದ ನಮಗೆ, ಕೆಳಗಿನ ಒಂಬತ್ತು ಕೋರ್ಟು ಸರಿಯಿದ್ದು ಮೇಲಿನದು ತಪ್ಪಿದ ಕಾಲವೂ ಇತ್ತು ಎಂಬುದನ್ನು ದಿನಾಂಕ ಸಮೇತ ಕೇಳುವುದು ಮುಖ್ಯ. ನನಗೆ ಆ ದಿನ ಹೈಕೋರ್ಟಿನ ಬಗ್ಗೆ ಗೌರವ ಹೆಚ್ಚಾಯಿತು. ತನ್ನ ತಪ್ಪನ್ನು ತಾನೇ ಬರೆದು ಅಳಿಸಿದ ಸುಪ್ರೀಂ ಕೋರ್ಟಿನ ಬಗ್ಗೆಯೂ.

ಸ್ಥಳೀಯ ಉದಾಹರಣೆಗಳನ್ನು ಸರ್ ಆಯ್ದುಕೊಂಡ ರೀತಿ ನನಗೆ ಹಿಡಿಸಿತು. ಕುದುರೆಮುಖದ ಕಬ್ಬಿಣದ ಗಣಿ ನಿಲ್ಲಬೇಕೆಂದು 2002ರಲ್ಲಿ ಹೇಳಿದ್ದು ಸುಪ್ರೀಂ ಕೋರ್ಟ್, ಗೋದಾವರ್ಮನ್ ಅರಣ್ಯ ಪ್ರಕರಣದಲ್ಲಿ. 2005ರ ಕೊನೆಗೆ ಗಣಿ ನಿಂತಿತು. ಅದು 32ರ ಅಡಿ ಬಂದ ಅರ್ಜಿ. ಆಲೂರು, ಸಕಲೇಶಪುರದ ಕಾಡಾನೆ ವಿಷಯ ಮಾತ್ರ ಹೈಕೋರ್ಟಿನ ಅಂಗಳದ್ದು. 2012ರಲ್ಲಿ ಆನೆ ಕಾರ್ಯಪಡೆ ರಚನೆಯಾದದ್ದು ಹೈಕೋರ್ಟ್ ಹೇಳಿದ ಮೇಲೆ, ಆಲೂರು ಭಾಗದ ಆನೆಗಳನ್ನು ಹಿಡಿದು ಸಾಗಿಸಬೇಕೆಂಬ ಸಲಹೆ ಅದರ ವರದಿಯಲ್ಲೇ ಬಂತು. ನಮ್ಮೂರಿನ ಗದ್ದೆ ತುಳಿದ ಆನೆಗೂ 226ಕ್ಕೂ ಸಂಬಂಧ ಇದೆ ಎಂದು ನಾನು ಎಣಿಸಿರಲಿಲ್ಲ. ಗೊರೂರಿನ ಹೇಮಾವತಿ ನೀರು ಮೂರನೆಯ ಉದಾಹರಣೆ. ರಾಜ್ಯ ರಾಜ್ಯಗಳ ಜಗಳ 131ರಂತೆ ಸುಪ್ರೀಂ ಕೋರ್ಟಿಗೇ ಮೀಸಲು. ನದಿ ನೀರಿಗೆ ಮಾತ್ರ 262ನೇ ವಿಧಿ ಮತ್ತು 1956ರ ಕಾಯ್ದೆಯ ಪ್ರಕಾರ ಬೇರೆ ನ್ಯಾಯಮಂಡಳಿ. ಕಾವೇರಿ ನ್ಯಾಯಮಂಡಳಿ 1990ರಲ್ಲಿ ಬಂತು, 2007ರಲ್ಲಿ ಅಂತಿಮ ತೀರ್ಪು ಕೊಟ್ಟಿತು. ಅದರ ಮೇಲೆ ರಾಜ್ಯಗಳು 136ರ ದಾರಿಯಲ್ಲಿ ಸುಪ್ರೀಂ ಕೋರ್ಟಿಗೆ ಹೋದವು, 2018ರ ಫೆಬ್ರವರಿ 16ರಂದು ಕರ್ನಾಟಕದ ಪಾಲು 14.75 ಟಿಎಂಸಿ ಹೆಚ್ಚಿ 284.75 ಆಯಿತು. ನ್ಯಾಯಮಂಡಳಿ ಹೇಳಿದ್ದೇ ಕೊನೆ ಎನ್ನುವಲ್ಲೂ 136 ಒಳಗೆ ಹೋಗುತ್ತದೆ ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಹಾಸನದಲ್ಲಿ ಸಿಗಲಿಕ್ಕಿಲ್ಲ.

ಇನ್ನು ಕೊರತೆಗಳು. ನೋಟ್ಸ್ ಅಷ್ಟೂ ಇಂಗ್ಲಿಷಿನಲ್ಲಿದೆ. ಪಾಠ ಚಂದದ ಕನ್ನಡದಲ್ಲಿ ಮಾಡಿ, ಮನೆಗೆ ಕೊಂಡುಹೋಗುವ ಹಾಳೆ ಇಂಗ್ಲಿಷಿನಲ್ಲಿದ್ದರೆ ಪಂಚಾಯಿತಿ ಸದಸ್ಯೆಯಂಥವರು ಏನು ಮಾಡಬೇಕು? ಆಕೆ ಪ್ರತಿ ವಾರ ನನ್ನ ಅಂಗಡಿಗೆ ಬಂದು ಅರ್ಥ ಕೇಳಿ ಬರೆದುಕೊಂಡು ಹೋಗುತ್ತಿದ್ದರು. ನಾನು ಸರ್‌ಗೆ ಇದನ್ನು ನೇರವಾಗಿಯೇ ಹೇಳಿದೆ. 348ನೇ ವಿಧಿ ಹೈಕೋರ್ಟು, ಸುಪ್ರೀಂ ಕೋರ್ಟುಗಳ ಭಾಷೆ ಇಂಗ್ಲಿಷ್ ಎಂದು ಇಟ್ಟಿದೆ, ಸರಿ. ರಾಷ್ಟ್ರಪತಿಯ ಒಪ್ಪಿಗೆ ಪಡೆದು ರಾಜ್ಯಪಾಲರು ಹೈಕೋರ್ಟಿನ ಕಲಾಪಕ್ಕೆ ರಾಜ್ಯದ ಭಾಷೆಯನ್ನು ಬಿಡಬಹುದು ಎಂದೂ ಅದೇ ವಿಧಿಯಲ್ಲಿದೆ, ರಾಜಸ್ಥಾನ, ಉತ್ತರ ಪ್ರದೇಶ, ಮಧ್ಯಪ್ರದೇಶ, ಬಿಹಾರಗಳಲ್ಲಿ ಹಿಂದಿಗೆ ಹಾಗೆ ಬಿಟ್ಟಿದ್ದಾರೆ. ಕನ್ನಡಕ್ಕೆ ಆ ಬಾಗಿಲು ತೆರೆದಿಲ್ಲ. ತೆರೆದರೆ ನನ್ನ ತರ್ಜುಮೆಯ ಆದಾಯ ಇಳಿಯುತ್ತದೆ. ಇಳಿಯಲಿ, ನಮ್ಮಪ್ಪನಂಥವರು ತಮ್ಮ ಅರ್ಜಿಯನ್ನು ತಾವೇ ಓದಿಕೊಳ್ಳುವ ಹಾಗಾಗಲಿ. ಕೋರ್ಟಿಗೆ ಕಟ್ಟುಪಾಡು ಇರಬಹುದು, ಭಾನುವಾರದ ತರಗತಿಗೆ ಏನೂ ಇಲ್ಲ. ಮುಂದಿನ ಬ್ಯಾಚಿಗೆ ಕನ್ನಡ ನೋಟ್ಸ್ ನಾನೇ ಟೈಪ್ ಮಾಡಿಕೊಡುತ್ತೇನೆ ಎಂದಿದ್ದೇನೆ. ಒಪ್ಪಿದ್ದಾರೆ.

ನೋಟ್ಸಿನಲ್ಲಿ ಒಂದು ತಪ್ಪೂ ಇತ್ತು. ಎರಡೂ ಕೋರ್ಟುಗಳ ನ್ಯಾಯಮೂರ್ತಿಗಳ ನಿವೃತ್ತಿ ವಯಸ್ಸು 65 ಎಂದು ಅಚ್ಚಾಗಿತ್ತು. ಸುಪ್ರೀಂ ಕೋರ್ಟಿಗೆ 65, ಹೈಕೋರ್ಟಿಗೆ 62. ತೋರಿಸಿದೆ. ಮರುವಾರವೇ ಎಲ್ಲರಿಗೂ ತಿದ್ದಿದ ಹಾಳೆ ಕೊಟ್ಟು, ಯಾರು ಹಿಡಿದರು ಎಂದೂ ಹೇಳಿದರು. ಕಲಿಸುವವರಲ್ಲಿ ನಾನು ನೋಡುವ ಮೊದಲ ಗುಣ ಅದು.

ಕೊನೆಯ ಎರಡು ವಾರ ಓಟ. 142ಕ್ಕೆ ಒಂದೇ ಗಂಟೆ ಸಿಕ್ಕಿತು, ಮರುಪರಿಶೀಲನೆ ಮತ್ತು ಅದೂ ವಜಾ ಆದ ಮೇಲಿನ ಕೊನೆಯ ದಾರಿಯಾದ ಕ್ಯುರೇಟಿವ್ ಅರ್ಜಿ ಹತ್ತು ನಿಮಿಷದಲ್ಲಿ ಮುಗಿದವು. ನ್ಯಾಯಮೂರ್ತಿಗಳ ನೇಮಕದ ಬಗ್ಗೆ ಕೇಳಿದ ಪ್ರಶ್ನೆಗಳು ಹಾಗೇ ಉಳಿದವು. ಖರ್ಚಿನ ಮಾತು ಬರಲೇ ಇಲ್ಲ. ಇದು ನನಗೆ ದೊಡ್ಡ ಲೋಪ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ 12ನೇ ಸೆಕ್ಷನ್ ಪ್ರಕಾರ ಹೆಂಗಸರಿಗೆ, ಪರಿಶಿಷ್ಟ ಜಾತಿ, ಪಂಗಡದವರಿಗೆ ಆದಾಯ ಎಷ್ಟೇ ಇರಲಿ ಉಚಿತ ಕಾನೂನು ನೆರವು ಸಿಗುತ್ತದೆ, ಹೈಕೋರ್ಟಿನ ಹಂತದಲ್ಲೂ ಅದಕ್ಕೆ ಸಮಿತಿ ಇದೆ. ಅಧಿಕಾರ ಯಾವ ಕೋರ್ಟಿನದು ಎಂದು ಹೇಳಿಕೊಟ್ಟವರು ಅಲ್ಲಿಗೆ ಹೋಗಲು ಹಣವಿಲ್ಲದವರು ಏನು ಮಾಡಬೇಕು ಎಂದೂ ಹೇಳಿಕೊಡಬೇಕು. ಹಾಲ್‌ನಲ್ಲಿ ಫ್ಯಾನಿನ ಸದ್ದು ಜೋರು, ಹಿಂದಿನ ಸಾಲಿಗೆ ಮಾತು ಕೇಳುವುದಿಲ್ಲ. ಹೆಂಗಸರಿಗೆ ಶೌಚಾಲಯಕ್ಕೆ ಎರಡು ಮಹಡಿ ಇಳಿಯಬೇಕು. ಹತ್ತಕ್ಕೆ ಅಂದದ್ದು ಒಮ್ಮೆಯೂ ಹತ್ತೂಕಾಲಕ್ಕೆ ಮುಂಚೆ ಶುರುವಾಗಲಿಲ್ಲ. ದೂರದಿಂದ ಬಸ್ಸು ಹಿಡಿದು ಬರುವವರಿಗೆ ಇದು ನ್ಯಾಯವಲ್ಲ.

ಕೆಎಎಸ್ ಪರೀಕ್ಷೆಗೆಂದು ಸೇರುವವರಿಗೆ ಒಂದು ಮಾತು: ಇಲ್ಲಿ ಬಹು ಆಯ್ಕೆ ಪ್ರಶ್ನೆಗಳ ತಾಲೀಮು ಇಲ್ಲ. ವಿಧಿಯ ಸಂಖ್ಯೆ ಬಾಯಿಪಾಠ ಬೇಕಿದ್ದರೆ ಬೇರೆ ಕಡೆ ನೋಡಿ. ಸ್ವಂತದ್ದೊಂದು ತಕರಾರು ಇದ್ದವರು, ಅಥವಾ ಮನೆಯಲ್ಲಿ ಅಂಥ ಪ್ಲಾಸ್ಟಿಕ್ ಕವರ್ ಇದ್ದವರು ಕಣ್ಣು ಮುಚ್ಚಿ ಸೇರಬಹುದು. ಐದಕ್ಕೆ ನಾಲ್ಕು ಕೊಡುತ್ತೇನೆ. ಒಂದು ಅಂಕ ಕಳೆದದ್ದು ಕನ್ನಡ ನೋಟ್ಸ್ ಇಲ್ಲದ್ದಕ್ಕೆ.

ಅಪ್ಪನಿಗೆ ಈಗ 81. ಎಂಟನೆಯ ಭಾನುವಾರದ ಮರುದಿನ ಊರಿಗೆ ಹೋಗಿ ಅಟ್ಟದಿಂದ ಆ ಕವರ್ ಇಳಿಸಿದೆ. ಒಂದು ಮೂಲೆಯನ್ನು ಇಲಿ ತಿಂದಿತ್ತು, ಸುಪ್ರೀಂ ಕೋರ್ಟಿನ ಆ ಪುಟ ಪೂರ್ತಿ ಇತ್ತು. ಅಪ್ಪನ ಪಕ್ಕ ಜಗುಲಿಯಲ್ಲಿ ಕೂತು ಅದನ್ನು ಮತ್ತೊಮ್ಮೆ ಕನ್ನಡದಲ್ಲಿ ಓದಿ ಹೇಳಿದೆ, ಈ ಸಲ ಕೊನೆಯ ಸಾಲನ್ನು ನಿಧಾನವಾಗಿ. ಅವರು ಪುಟ ಕೈಗೆ ತೆಗೆದುಕೊಂಡು, 'ಹಂಗಾರೆ ನಾವು ಸೋತಿರಲಿಲ್ವಾ?' ಅಂದರು. ಇಲ್ಲ ಅಂದೆ. ಅರ್ಜಿ ತಯಾರಾಗಿದೆ, ಪಹಣಿಗಳ ತರ್ಜುಮೆ ನಾನೇ ಮಾಡಿದ್ದೇನೆ, ವಕೀಲರು ಮುಂದಿನ ವಾರ ಬೆಂಗಳೂರಿಗೆ ತೆಗೆದುಕೊಂಡು ಹೋಗುತ್ತಾರೆ. ಮೊದಲ ಪುಟದಲ್ಲಿ ಈ ಬಾರಿ 226 ಮಾತ್ರ ಹೊಡೆದಿದ್ದೇನೆ.